ಖುರ್ಷಿದಾಬೀಯ ಉಳಿದ ಕಣ್ಣು

ಮಸ್ಕಿಯಲ್ಲಿ ರವಿಕೆ ಹೊಲಿಯುವ ಖುರ್ಷಿದಾಬೀಗೆ ಮೊದಲೇ ಸಕ್ಕರೆ ಕಾಯಿಲೆ. ಕೊರೊನಾದ ಎರಡನೇ ಅಲೆಯಲ್ಲಿ ಐಸಿಯು ಸೇರಿ ಹೇಗೋ ಬದುಕಿದಳು. ಅಷ್ಟರಲ್ಲಿ ಬ್ಲ್ಯಾಕ್ ಫಂಗಸ್ ಮೂಗಿನಿಂದ ಮೇಲೇರಿತ್ತು. ಜೀವ ಉಳಿಸಲು ಡಾಕ್ಟರು ಎಡಗಣ್ಣನ್ನೇ ತೆಗೆದರು.

ಅದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ ಎಂದು ಎಷ್ಟು ಹೇಳಿದರೂ ಓಣಿಯವರು ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೊಬೈಲಿನಲ್ಲೇ ವೈದ್ಯಕೀಯ ಕಲಿತಿದ್ದ ಎದುರುಮನೆಯ ಯಂಕೋಬ, ಮಾಸ್ಕನ್ನು ಗದ್ದಕ್ಕಿಳಿಸಿ ಕಟ್ಟೆಯ ಮೇಲಿಂದಲೇ ಕೂಗಿದ:

"ಖುರ್ಷಿದಾ, ನಿನ್ನ ಫಂಗಸ್ ನಮ್ಮ ಮನಿಗೆ ಹಾರಿ ಬರ್ತೈತಿ, ಒಳಗ ಕುಂದ್ರು. ಒಂದ ಕಣ್ಣಿನಾಗ ಇನ್ನೇನು ಹೊಲಿತಿ?"

ಅವಳು ಸೂಜಿಗೆ ದಾರ ಪೋಣಿಸುತ್ತಲೇ ಅಂದಳು: "ಯಂಕೋಬಣ್ಣಾ, ಒಂದ ಕಣ್ಣಿನಾಗ ನನಗ ಸೂಜಿ ತೂತು ಕಾಣತೈತಿ. ಎರಡು ಕಣ್ಣಿದ್ರೂ ನಿಮಗ ನಿಮ್ಮ ಮೂಗು ಎಲ್ಲೈತಿ ಅಂತ ಗೊತ್ತಾಗವಲ್ದು ನೋಡ್ರಿ."

ಕಿಟಕಿಗಳ ಹಿಂದೆ ನಗು ಕೇಳಿತು. ಸಂಜೆ ಯಂಕೋಬನ ಹೆಂಡತಿಯೇ ರವಿಕೆ ಬಟ್ಟೆ ಹಿಡಿದು ಬಂದಳು.