ಲಿಫ್ಟಿನ ಪಕ್ಕದ ರೂಮು

ಅವತ್ತು ಭಾನುವಾರ. ಗಂಡ ಹೆಂಡತಿ ಇಬ್ಬರೂ ಚಹಾ ಕುಡಿದು ಲಾಡ್ಜ್ ಹುಡುಕಲು ಹೊರಟರು. ಇದ್ದ ಲಾಡ್ಜಿನವರು ಕಟ್ಟಡಕ್ಕೆ ಬಣ್ಣ ಹೊಡೆಸಬೇಕು, ರೂಮು ಬಿಡಿ ಎಂದಿದ್ದರು. ಗಂಡನಿಗೆ ಆ ಊರಲ್ಲಿ ಇನ್ನೂ ಆರೇಳು ತಿಂಗಳ ಕೆಲಸ ಉಳಿದಿತ್ತು. ಹೊಸ ಕಟ್ಟಡಗಳಿಗೆ ಲಿಫ್ಟ್ ಕೂರಿಸುವ ಮೆಕ್ಯಾನಿಕ್ ಅವನು. ಜೊತೆಗೆ ಕೆಲಸ ಮಾಡುವವರ ಬಾಯಲ್ಲಿ ಲಿಫ್ಟಪ್ಪ. ಅವನ ಕೈ ಹಿಡಿದ ತಪ್ಪಿಗೆ ಅವಳು ಲಿಫ್ಟಮ್ಮ.

ಲಿಫ್ಟಪ್ಪನ ಕೆಲಸ ಎಲ್ಲಿಯೋ ಅಲ್ಲಿ ಇವರ ವಾಸ. ಒಂದು ಊರಲ್ಲಿ ನಾಲ್ಕು ತಿಂಗಳು, ಇನ್ನೊಂದು ಊರಲ್ಲಿ ವರ್ಷ. ಮನೆ ಮಾಡಿ ಪಾತ್ರೆ ಜೋಡಿಸುವಷ್ಟರಲ್ಲಿ ಲಿಫ್ಟ್ ಓಡಾಡತೊಡಗುತ್ತಿತ್ತು, ಮತ್ತೆ ಗಂಟು ಕಟ್ಟಬೇಕು. ಹಾಗಾಗಿ ಮನೆಯ ಆಸೆ ಬಿಟ್ಟು ಲಾಡ್ಜೇ ಗತಿ ಎಂದುಕೊಂಡರು. ಒಂದು ಟ್ರಂಕು, ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ನು, ಒಂದು ಕೆಟಲು. ಅವರ ಸಂಸಾರ ಅಷ್ಟೇ. ಒಬ್ಬಳೇ ಮಗಳು. ಶಾಲೆಗೆ ಹೋಗುವ ವಯಸ್ಸಾದಾಗ ಅವಳನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರು. ಈಗ ಅವಳಿಗೂ ಮದುವೆಯಾಗಿತ್ತು.

ಲಾಡ್ಜ್ ಆರಿಸಲು ಇಬ್ಬರೂ ಒಂದು ಕ್ರಮ ಇಟ್ಟುಕೊಂಡಿದ್ದರು. ಮೊದಲೇ ರೂಮು ನೋಡುವಂತಿಲ್ಲ.

“ರೂಮು ನೆಂಟರ ಮುಂದೆ ಕೂತ ಮಗು ಇದ್ದ ಹಾಗೆ. ಬಂದವರೆದುರು ಚೆನ್ನಾಗೇ ಇರುತ್ತೆ. ಆಮೇಲೆ ಶುರು ಮಾಡುತ್ತೆ,” ಎನ್ನುತ್ತಿದ್ದ ಲಿಫ್ಟಪ್ಪ.

ಅವಳು ಮೆಟ್ಟಿಲು ಹತ್ತಿ ಸೀದಾ ತಾರಸಿಗೆ ಹೋಗಬೇಕು. ಒಣಗಿಸಿದ ಹೊದಿಕೆ, ದಿಂಬಿನ ಚೀಲ ಮುಟ್ಟಿ ನೋಡಬೇಕು, ಮೂಸಿ ನೋಡಬೇಕು. ಹರಿದದ್ದನ್ನು ಹೊಲಿದಿದ್ದಾರೋ, ಇಲ್ಲ ಮಡಚಿ ಮುಚ್ಚಿದ್ದಾರೋ ಎಂದು ಅಂಚು ನೋಡಬೇಕು. ಅವನು ಲಿಫ್ಟಿನಲ್ಲಿ ಕಣ್ಣು ಮುಚ್ಚಿ ನಿಂತು ಮೇಲೆ ಕೆಳಗೆ ಓಡಾಡಬೇಕು. ಆಮೇಲೆ ಇಬ್ಬರೂ ಮ್ಯಾನೇಜರನ ಮೇಜಿನ ಹತ್ತಿರ ಸೇರಬೇಕು. ಇಬ್ಬರೂ ‘ಹೂಂ’ ಎಂದರೆ ರೂಮು. ಒಬ್ಬರು ‘ಊಹೂಂ’ ಎಂದರೂ ಮುಂದಿನ ಲಾಡ್ಜು. ಯಾಕೆ ಎಂದು ಕೇಳುವಂತಿಲ್ಲ.

ಹೂಂ ಎಂದ ಮೇಲೆಯೇ ನಿಜವಾದ ಜಗಳ. ಅವನಿಗೆ ಲಿಫ್ಟಿನ ಪಕ್ಕದ ರೂಮೇ ಬೇಕು. ಅವಳಿಗೆ ಕೊನೆಯ ರೂಮು, ಬಿಸಿಲು ಬೀಳುವ ಕಿಟಕಿ, ಗದ್ದಲವಿಲ್ಲದ ಜಾಗ.

“ಜನ ಲಿಫ್ಟಿನ ಸದ್ದು ಬೇಡ ಅಂತಾರೆ, ನೀವು ಹುಡುಕ್ಕೊಂಡು ಹೋಗ್ತೀರಲ್ರೀ. ಇಡೀ ದಿನ ಕೇಳಿದ್ದು ಸಾಲದಾ?”

“ಅದು ಓಡಾಡ್ತಾ ಇದ್ರೆ ಮನೇಲಿ ಯಾರೋ ಎದ್ದಿದ್ದಾರೆ ಅನ್ಸುತ್ತೆ ಕಣೇ. ಧೈರ್ಯವಾಗಿ ಮಲಗಬಹುದು.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಪ್ರತಿ ಊರಲ್ಲೂ ಅವನೇ ಗೆದ್ದ. ಅವಳು ಗೋಡೆಯ ಆಚೆಯ ಗಡಗಡ ಸದ್ದಿಗೆ ಬೈದುಕೊಂಡೇ ಮಲಗಿದಳು.

ಒಂದೇ ಒಂದು ಸಲ ಅವನಿಗೆ ತಕ್ಕ ಶಾಸ್ತಿಯಾಗಿತ್ತು. ಒಂದು ಲಾಡ್ಜಿನಲ್ಲಿ ಲಿಫ್ಟು ಕಿರುಚಾಡುತ್ತಿತ್ತು. ರಜೆಯ ದಿನ ಇವನಿಗೆ ಕೈ ತಡೆಯಲಿಲ್ಲ. ಮ್ಯಾನೇಜರನ ಹತ್ತಿರ ಕೇಳಿ ಮೇಲೆ ಹತ್ತಿದ, ಎಣ್ಣೆ ಬಿಟ್ಟ, ಅದೇನೋ ಬಿಗಿ ಮಾಡಿದ. ಸಂಜೆಗೆ ಲಿಫ್ಟು ಬೆಕ್ಕಿನ ಹಾಗೆ ಓಡಾಡತೊಡಗಿತು. ಲಾಡ್ಜಿನವರೆಲ್ಲ ಹೊಗಳಿದ್ದೇ ಹೊಗಳಿದ್ದು. ಇವನಿಗೆ ಮಾತ್ರ ನಿದ್ದೆ ಹೋಯಿತು. ವಾರ ಕಳೆಯುವಷ್ಟರಲ್ಲಿ ಕಣ್ಣು ಕೆಂಡವಾಗಿ, “ಬೇರೆ ಲಾಡ್ಜ್ ನೋಡೋಣ ಕಣೇ,” ಎಂದ. ಅವಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. “ನೀವೇ ಕೊಂದ್ರಿ, ನೀವೇ ಅಳ್ತೀರಿ,” ಎಂದಳು. ಆದರೂ ಟ್ರಂಕು ಎತ್ತಿಕೊಂಡು ಹೊರಟಳು.

ಅವನಿಗೆ ಇನ್ನೊಂದು ಚಟ. ಯಾವ ಲಾಡ್ಜೇ ಇರಲಿ, ಬೆಳಿಗ್ಗೆ ಎದ್ದವನೇ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ತಮ್ಮ ಮಹಡಿಯ ಲಿಫ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಬಾಗಿಲು ಓಡಾಡುವ ಜಾಡಿನಲ್ಲಿ, ಎಂದರೆ ಹೊಸ್ತಿಲ ಉದ್ದಕ್ಕೂ ಇರುವ ಆ ಸಣ್ಣ ಕಾಲುವೆಯಲ್ಲಿ, ಕೂತ ಕಸ ತೆಗೆಯುತ್ತಿದ್ದ. ಹೇರ್‌ಪಿನ್ನು, ಬೀಡಿ ತುಂಡು, ಕಡಲೆ ಸಿಪ್ಪೆ, ಅಂಗಿಯ ಗುಂಡಿ.

“ಲಿಫ್ಟ್ ಕೆಡೋದು ಮೇಲಿನ ಮಿಷನ್ನಿಂದ ಅಂತ ಎಲ್ರೂ ತಿಳ್ಕೊಂಡಿರ್ತಾರೆ. ಕೆಡೋದು ಕೆಳಗಿನ ಕಸದಿಂದ. ಬಾಗಿಲು ಕೂದಲೆಳೆಯಷ್ಟು ಬಿಟ್ಕೊಂಡಿದ್ರೂ ಅದು ಜಾಗ ಬಿಟ್ಟು ಕದಲಲ್ಲ.”

“ಊರವರ ಮನೇಲಿ ಹೆಂಡ್ತಿ ಹೊಸ್ತಿಲು ಒರೆಸ್ತಾಳೆ. ನಮ್ಮಲ್ಲಿ ಗಂಡ. ಅದೂ ಊರವರ ಹೊಸ್ತಿಲು,” ಎನ್ನುತ್ತಿದ್ದಳು ಅವಳು.

ಒಂದು ದಿನ ಅವಳೇ ನಿದ್ದೆಗಣ್ಣಲ್ಲಿ ಆ ಬ್ರಷ್ಷಿಗೆ ಪೇಸ್ಟ್ ಹಾಕಿ ಬಾಯಿಗಿಟ್ಟುಬಿಟ್ಟಳು. ಥೂ ಥೂ ಎಂದು ಉಗಿಯುತ್ತಿದ್ದರೆ ಅವನು ಬಾಗಿಲಿಗೆ ಒರಗಿ ನಿಂತು, “ಚಿಂತೆ ಬಿಡು, ಇನ್ಮೇಲೆ ನಿನ್ನ ಬಾಯಿ ಎಲ್ಲೂ ಸಿಕ್ಕಿಹಾಕ್ಕೊಳ್ಳಲ್ಲ,” ಎಂದ.

“ಮುಂಚೆ ಎಲ್ಲಿ ಸಿಕ್ಕಿಹಾಕ್ಕೊಂಡಿತ್ತು?”

“ಅದೂ ನಿಜವೇ,” ಎಂದ.

ಆ ಭಾನುವಾರ ಮೂರು ಲಾಡ್ಜ್ ನೋಡಿದರು. ಮೊದಲನೆಯದರಲ್ಲಿ ಹೊದಿಕೆ ಅರೆ ಒದ್ದೆ ಇದ್ದಾಗಲೇ ಮಡಚಿದ್ದರು, ಮುಗ್ಗಲು ವಾಸನೆ. ಅವಳು ಊಹೂಂ ಎಂದಳು. ಎರಡನೆಯದು ಹೊಚ್ಚ ಹೊಸ ಕಟ್ಟಡ. ಲಿಫ್ಟಿನಲ್ಲಿ ಕನ್ನಡಿ, ಗುಂಡಿಗಳಿಗೆ ದೀಪ. ಅವನು ಹೊರಗೆ ಬಂದವನೇ ಊಹೂಂ ಎಂದ. “ಉಸಿರೇ ಇಲ್ಲ ಅದಕ್ಕೆ,” ಎಂದು ರಸ್ತೆಗೆ ಬಂದ ಮೇಲೆ ತಾನಾಗಿ ಹೇಳಿದ.

ಮೂರನೆಯದು ಹಳೆಯದು. ಕೆಳಗೆ ಕನ್ನಡಕದ ಅಂಗಡಿ, ಅದರ ಪಕ್ಕದಲ್ಲಿ ಬಾಗಿಲು, ಒಳಗೆ ಕಬ್ಬಿಣದ ಮಡಚುವ ಬಾಗಿಲಿನ ಲಿಫ್ಟು. ಅವಳು ತಾರಸಿಗೆ ಹೋದಳು. ಹೊದಿಕೆಗಳು ಹಳೆಯವು, ಆದರೆ ಗರಿಗರಿಯಾಗಿ ಒಣಗಿದ್ದವು. ಸೋಪಿನ ವಾಸನೆ ಬಿಟ್ಟು ಬೇರೆ ವಾಸನೆಯಿಲ್ಲ. ಯಾರೋ ಹರಿದ ಅಂಚನ್ನು ಹೊಲಿದಿದ್ದರು, ಹೊಲಿಗೆ ಸೊಟ್ಟಗಿತ್ತು. ಹೊಲಿಯಲು ಬಾರದವರೂ ಹೊಲಿದಿದ್ದಾರಲ್ಲ ಎಂದು ಅವಳಿಗೆ ಇಷ್ಟವಾಯಿತು. ಕೆಳಗಿಳಿದರೆ ಅವನು ಇನ್ನೂ ಬಂದಿರಲಿಲ್ಲ. ಮ್ಯಾನೇಜರೂ ಮೇಜಿನ ಹತ್ತಿರ ಇರಲಿಲ್ಲ. ಅವಳು ಬೆಂಚಿನ ಮೇಲೆ ಕೂತು ಕಾದಳು. ಕೊನೆಗೆ ಅವನೂ ಮ್ಯಾನೇಜರೂ ಲಿಫ್ಟಿನಿಂದ ಇಳಿದರು.

“ನನ್ನದು ಹೂಂ,” ಎಂದಳು.

ಅವನು ಚಪ್ಪಲಿ ನೋಡುತ್ತ, “ನಾಳೆ ಹೇಳ್ತೀನಿ,” ಎಂದ.

ಇಷ್ಟು ವರ್ಷದಲ್ಲಿ ಅವನು ಹಾಗೆ ಅಂದದ್ದೇ ಇಲ್ಲ. “ಇದೇನ್ರೀ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ?” ಎಂದು ದಾರಿಯುದ್ದಕ್ಕೂ ಕೆಣಕಿದಳು. ಅವನು ನಕ್ಕ. ಮೂಲೆಯ ಅಂಗಡಿಯಲ್ಲಿ ಬಿಸ್ಕತ್ತು ಕೊಂಡರು. ರೂಮಿಗೆ ಬಂದು ಅವನ ಅಂಗಿಗೆ ಗುಂಡಿ ಹಾಕಿಕೊಟ್ಟಳು. ಅವತ್ತಿನ ದಿನ ಅಷ್ಟೇ.

ಮರುದಿನ ಬೆಳಿಗ್ಗೆ ಅವನು ಲಿಫ್ಟಿನ ಹೊಸ್ತಿಲು ಉಜ್ಜಿ ಬಂದ, ಸ್ನಾನ ಮಾಡಿದ, ಮಂಚದ ಮೇಲೆ ಕೂತು ಶೂ ಹಾಕಿಕೊಳ್ಳಲು ಬಗ್ಗಿದ. ಮೇಲೆ ಏಳಲಿಲ್ಲ. ಅವಳು ಕೆಟಲಿನ ಕಡೆ ಮುಖ ಮಾಡಿದ್ದಳು, “ಚಹಾ ಆರುತ್ತೆ,” ಎಂದಳು. ತಿರುಗಿ ನೋಡಿದಾಗ ಒಂದು ಕಾಲಿಗೆ ಶೂ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಡಾಕ್ಟರು, ಹೃದಯ ನಿಂತಿದೆ ಎಂದರು.

ಮಗಳು ಬಂದು ತನ್ನ ಮನೆಗೆ ಕರೆದುಕೊಂಡು ಹೋದಳು. ಟ್ರಂಕು ಮತ್ತು ಮಿಷನ್ನನ್ನು ಅವನ ಜೊತೆಯವರು ಸೈಟಿನ ಸ್ಟೋರಿನಲ್ಲಿ ಇರಿಸಿಕೊಂಡರು.

ಮಗಳ ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಅಳಿಯ ಮೆತ್ತನೆಯ ಮನುಷ್ಯ, ಅತ್ತೆ ಕೂತರೆ ತಾನು ಎದ್ದು ಫ್ಯಾನು ಹಾಕುತ್ತಿದ್ದ. ಪಾತ್ರೆಗೆ ಕೈ ಹಾಕಿದರೆ ಮಗಳು “ಬಿಡಮ್ಮ” ಎನ್ನುತ್ತಿದ್ದಳು. ಬಟ್ಟೆ ಮಡಚಿದರೂ “ಬಿಡಮ್ಮ”. ಬಿಟ್ಟು ಬಿಟ್ಟು ಅವಳ ಕೈಯಲ್ಲಿ ಏನೂ ಉಳಿಯಲಿಲ್ಲ. ಕೂತರೆ ಆ ಒಂದೇ ಮಾತು. ನಾಳೆ ಹೇಳ್ತೀನಿ. ಏನು ಹೇಳುತ್ತಿದ್ದರು? ಹೂಂ ಎನ್ನುತ್ತಿದ್ದರೋ, ಊಹೂಂ ಎನ್ನುತ್ತಿದ್ದರೋ? ಬದುಕೆಲ್ಲ ಇಬ್ಬರೂ ಸೇರಿ ಹೇಳಿದ್ದು. ಕೊನೆಯದಕ್ಕೆ ಅವಳ ಅರ್ಧ ಮಾತ್ರ ಉಳಿದಿತ್ತು.

ಕೆಲವು ತಿಂಗಳು ಕಳೆದ ಮೇಲೆ, “ಟ್ರಂಕು ತರಬೇಕು,” ಎಂದಳು. ಮಗಳು ಜೊತೆಗೆ ಬಂದಳು. ಬಸ್ಸಿಳಿದ ಮೇಲೆ ಅವಳು ಸೈಟಿನ ಕಡೆ ಹೋಗಲಿಲ್ಲ, ಕನ್ನಡಕದ ಅಂಗಡಿಯ ಕಡೆ ತಿರುಗಿದಳು.

“ಇಲ್ಲಿ ಏನಮ್ಮಾ?”

“ನಿಮ್ಮಪ್ಪ ಒಂದು ಮಾತು ಬಾಕಿ ಇಟ್ಟು ಹೋಗಿದ್ದಾರೆ.”

“ಅದನ್ನ ಲಿಫ್ಟು ಹೇಳುತ್ತಾ?”

“ಹೇಳಿದ್ರೂ ಹೇಳೀತು. ನಿನಗಿಂತ ಹೆಚ್ಚು ಅದರ ಜೊತೆಗೇ ಇದ್ದವರು.”

ಮಗಳು ಮುಖ ಆ ಕಡೆ ತಿರುಗಿಸಿದಳು. “ಅದು ನಂಗೆ ಗೊತ್ತಿಲ್ವಾ. ನಾನು ಚಿಕ್ಕಮ್ಮನ ಮನೇಲಿ ಬೆಳೆದವಳು,” ಎಂದಳು. ಲಿಫ್ಟಮ್ಮ ಮಗಳ ಕೈಚೀಲವನ್ನು ತಾನು ತೆಗೆದುಕೊಂಡು ಒಳಗೆ ನಡೆದಳು.

ತಾರಸಿಗೆ ಹೋಗಿ ಹೊದಿಕೆ ಮುಟ್ಟಿದಳು. ಅದೇ ಸೋಪು, ಅದೇ ಸೊಟ್ಟ ಹೊಲಿಗೆ. ತನ್ನ ಅರ್ಧ ಈಗಲೂ ಹೂಂ. ಆಮೇಲೆ ಲಿಫ್ಟಿಗೆ ಹತ್ತಿ ಜಾಲರಿ ಬಾಗಿಲು ಎಳೆದು ಕಣ್ಣು ಮುಚ್ಚಿದಳು. ಮೇಲೆ ಹೋಯಿತು, ಕೆಳಗೆ ಬಂತು. ಗಡಗಡ ಎಂದಿತು, ನಿಲ್ಲುವಾಗ ಟಕ್ ಎಂದಿತು. ಅವನಿಗೆ ಇದರಲ್ಲಿ ಏನು ಕೇಳಿಸುತ್ತಿತ್ತೋ ದೇವರೇ ಬಲ್ಲ. ಅವಳಿಗೆ ಗಡಗಡವೇ ಕೇಳಿಸಿತು. ಇನ್ನೊಂದು ಸಲ ಹೋಗೋಣವೆಂದು ಬಾಗಿಲು ತೆರೆದು ಮುಚ್ಚಿದಳು. ಲಿಫ್ಟು ಕದಲಲಿಲ್ಲ.

ಮ್ಯಾನೇಜರು ಎದ್ದು ಬಂದ. “ದಿನಾ ಇದೇ ಗೋಳು ನೋಡಿ. ಮೇಲೆ ಮಿಷನ್ ಹೋಗಿರಬೇಕು.”

“ಮೇಲೆ ಅಲ್ಲ,” ಎಂದು ಅವಳು ಬಗ್ಗಿದಳು. ತಲೆಯ ಪಿನ್ನು ತೆಗೆದು ಹೊಸ್ತಿಲ ಕಾಲುವೆಯನ್ನು ಕೆದಕಿದಳು. ಪಿಸ್ತಾ ಸಿಪ್ಪೆಯೊಂದು ಹೊರಗೆ ಬಂತು. ಬಾಗಿಲು ಪೂರ್ತಿ ಕೂತಿತು, ಲಿಫ್ಟು ಹೊರಟಿತು.

ಅವಳು ಮತ್ತೆ ಕೆಳಗೆ ಬಂದಾಗ ಮ್ಯಾನೇಜರು ಅಲ್ಲೇ ನಿಂತಿದ್ದ. “ಅಮ್ಮಾ, ಲಿಫ್ಟಲ್ಲಿ ಕಣ್ಣು ಮುಚ್ಕೊಂಡು ನಿಲ್ಲೋರು ನಾನು ಇಬ್ಬರನ್ನೇ ನೋಡಿರೋದು. ನಿಮ್ಮ ಯಜಮಾನ್ರು ನಾಳೆ ಬರ್ತೀನಿ ಅಂತ ಹೋದೋರು, ಬರಲೇ ಇಲ್ಲ.”

ಮಗಳು ವಿಷಯ ಹೇಳಿದಳು. ಮ್ಯಾನೇಜರು, “ಅವತ್ತು ನೀವು ತಾರಸಿಯಲ್ಲಿದ್ರಿ,” ಎಂದ. “ಕೊನೇ ರೂಮು ತೋರಿಸು ಅಂದ್ರು. ತೋರಿಸ್ದೆ. ಮಂಚದ ಮೇಲೆ ಕೂತ್ಕೊಂಡು, ಬಾಗಿಲು ಹಾಕು, ಮಾತಾಡ್ಬೇಡ ಅಂದ್ರು. ನನಗೋ ಭಯ. ಆಮೇಲೆ ಕೇಳಿದ್ರು, ಇಲ್ಲಿ ಯಾವಾಗ್ಲೂ ಇಷ್ಟು ಮೌನಾನಾ ಅಂತ. ಹೌದು ಸ್ವಾಮಿ, ಲಿಫ್ಟಿನ ಸದ್ದೂ ಕೇಳ್ಸಲ್ಲ ಅಂದೆ. ‘ಅವಳಿಗೆ ಇದೇ ಸರಿ. ಇಷ್ಟು ವರ್ಷ ನನ್ನ ಗದ್ದಲ ತಡ್ಕೊಂಡಿದ್ದಾಳೆ. ನನಗೆ ಇಲ್ಲಿ ನಿದ್ದೆ ಬರುತ್ತಾ ಅಂತ ಯೋಚನೆ ಮಾಡಿ ನಾಳೆ ಹೇಳ್ತೀನಿ’ ಅಂದ್ರು.”

ಲಿಫ್ಟಮ್ಮ ಬೆಂಚಿನ ಮೇಲೆ ಕೂತಳು. ಅವತ್ತು ಕೂತ ಜಾಗವೇ. ಮಗಳು ಪಕ್ಕದಲ್ಲಿ ಕೂತು ತಾಯಿಯ ಕೈ ಹಿಡಿದುಕೊಂಡಳು, ಬಿಡಲಿಲ್ಲ.

“ಆ ಹೊದಿಕೆ ಹೊಲಿಯೋದು ಯಾರಪ್ಪಾ?” ಎಂದು ಲಿಫ್ಟಮ್ಮ ಕೇಳಿದಳು.

“ನಾನೇ,” ಎಂದ ಮ್ಯಾನೇಜರು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ನೋಡಿಕೊಂಡು.

“ನೀನು ಬಿಡು. ನಾನು ಹೊಲೀತೀನಿ. ಆ ಕೊನೇ ರೂಮು ನಂಗೆ ಕೊಡು.”

“ಅಮ್ಮಾ, ಮಗಳ ಮನೆ ಇಟ್ಕೊಂಡು ಲಾಡ್ಜಲ್ಲಿ ಇರ್ತೀಯಾ? ಜನ ಏನಂತಾರೆ?” ಎಂದಳು ಮಗಳು.

“ಜನ ಇಷ್ಟು ದಿನ ಏನಂದ್ರೋ ಅದನ್ನೇ ಅಂತಾರೆ. ನಿನ್ನ ಮನೆ ನಂಗೆ ನೆಂಟರ ಮನೆ ಕಣೇ, ಬೇಜಾರ್ ಮಾಡ್ಕೋಬೇಡ. ನಾನು ಮನೇಲಿ ಇದ್ದವಳಲ್ಲ. ನೀನು ಬಾ. ಬಂದು ಎಷ್ಟು ದಿನ ಬೇಕಾದ್ರೂ ಇರು. ಆವಾಗ ಇಟ್ಕೊಳ್ಳೋಕಾಗ್ಲಿಲ್ಲ, ಈಗ ಇಟ್ಕೋತೀನಿ.”

ಮಗಳು ಸೆರಗಿನಿಂದ ಮೂಗು ಒರೆಸಿಕೊಂಡು, “ಎರಡು ಮಂಚ ಹಾಕ್ಸು ಹಾಗಾದ್ರೆ,” ಎಂದಳು.

ಹೀಗೆ ಲಿಫ್ಟಮ್ಮನಿಗೆ ಬದುಕಿಡೀ ಕೇಳಿದ್ದು ಸಿಕ್ಕಿತು. ಕೊನೆಯ ರೂಮು, ನೆಲದ ಮೇಲೆ ಚೌಕ ಬಿಸಿಲು, ಗದ್ದಲವಿಲ್ಲದ ಗೋಡೆ. ಸೈಟಿನಿಂದ ತಂದ ಮಿಷನ್ನನ್ನು ಹಗಲೆಲ್ಲ ತಿರುಗಿಸಿದಳು. ಮಲಗಿದರೆ ಕಣ್ಣು ಮುಚ್ಚಲಿಲ್ಲ. ಎಡಕ್ಕೆ ಹೊರಳಿದಳು, ಬಲಕ್ಕೆ ಹೊರಳಿದಳು. ಲೋಕದಲ್ಲಿ ಯಾರೂ ಎದ್ದಿಲ್ಲ ಎನ್ನುವಂಥ ಮೌನ. ಮರುದಿನವೂ ಹಾಗೆಯೇ. ಅದರ ಮರುದಿನ ಬೆಳಿಗ್ಗೆ ಕೆಂಡದಂಥ ಕಣ್ಣು ಹೊತ್ತು ಕೆಳಗೆ ಬಂದಳು.

“ಬೇರೆ ರೂಮು ಕೊಡಪ್ಪಾ.”

“ಯಾಕಮ್ಮಾ, ಸೊಳ್ಳೆನಾ?”

“ಸೊಳ್ಳೆಯಾದ್ರೂ ಇದ್ದಿದ್ರೆ ಆಗ್ತಿತ್ತು. ಲಿಫ್ಟ್ ಪಕ್ಕದ್ದು ಖಾಲಿ ಇದೆಯಾ?”

“ಅದು ಯಾವಾಗ್ಲೂ ಖಾಲೀನೇ.”

ಟ್ರಂಕನ್ನು ತಾನೇ ಎಳೆದುಕೊಂಡು ಹೋದಳು. ಅವತ್ತು ಗಡಗಡ ಸದ್ದು ಗೋಡೆ ಹಾಯ್ದು ಬಂದಾಗ ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟಳು. ನಾಳೆ ಬಂದಿದ್ದರೆ ಊಹೂಂ ಎನ್ನುತ್ತಿದ್ದರು. ಯೋಚನೆಯಾದ ಯೋಚನೆ ಮಾಡಿ, ತಲೆ ಕೆರೆದುಕೊಂಡು, ಆ ಕೊನೆಯ ರೂಮಿಗೆ ಊಹೂಂ ಎಂದೇ ಎನ್ನುತ್ತಿದ್ದರು. ಅವಳು ಜಗಳ ಆಡುತ್ತಿದ್ದಳು. ಸೋಲುತ್ತಿದ್ದಳು. ಹೀಗೆಯೇ ಈ ಗೋಡೆಯ ಪಕ್ಕದಲ್ಲಿ ಮಲಗುತ್ತಿದ್ದಳು. ಆಮೇಲೆ ಅತ್ತಳು, ಅಳುತ್ತಲೇ ನಿದ್ದೆ ಹೋದಳು.

ಈಗಲೂ ಅವಳು ಅಲ್ಲೇ ಇದ್ದಾಳೆ. ಮಗಳು ಆಗಾಗ ಬಂದು ಎರಡನೇ ಮಂಚದಲ್ಲಿ ಮಲಗಿ, “ಇದೇನಮ್ಮಾ ಈ ಸದ್ದು,” ಎಂದು ಗೊಣಗಿ ಹೋಗುತ್ತಾಳೆ. ಬೆಳಿಗ್ಗೆ ಎದ್ದವಳೇ ಲಿಫ್ಟಮ್ಮ ಕಪಾಟಿನಿಂದ ಆ ಹಳೆಯ ಬ್ರಷ್ ತೆಗೆಯುತ್ತಾಳೆ. ತನ್ನದರ ಜೊತೆ ಬೆರೆಯದಿರಲಿ ಎಂದು ಅದರ ಹಿಡಿಗೆ ಕೆಂಪು ದಾರ ಸುತ್ತಿದ್ದಾಳೆ. ಲಿಫ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೊಣಕಾಲು ಲಟಕ್ ಎಂದರೆ ಅದಕ್ಕೊಂದು ಬೈಗುಳ ಹಾಕಿ, ಹೊಸ್ತಿಲ ಕಾಲುವೆಯನ್ನು ಈ ತುದಿಯಿಂದ ಆ ತುದಿಯವರೆಗೆ ಉಜ್ಜುತ್ತಾಳೆ. ಬಂದ ಕಸವನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾಳೆ. ಗುಂಡಿ ಸಿಕ್ಕರೆ ತೆಗೆದಿಡುತ್ತಾಳೆ. ಬಾಗಿಲು ಎಳೆದು, ಪೂರ್ತಿ ಕೂತಿತೇ ಎಂದು ತಳ್ಳಿ ನೋಡಿ, ಚಹಾಕ್ಕೆ ನೀರಿಡಲು ಒಳಗೆ ಹೋಗುತ್ತಾಳೆ.