ಕಣ್ಣು ಮುಚ್ಚಿ ಕೆಲಸ ಮಾಡುವ ಭಾವ

ನಮ್ಮ ಭಾವ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡುತ್ತಾರೆ. ವಿದ್ಯಾರ್ಥಿಗಳು ಪಾಠದ ಬಗ್ಗೆ ಅಭಿಪ್ರಾಯ ಬರೆಯುವ ವೆಬ್‌ಪುಟ ಕಣ್ಣು ಕಾಣದವರಿಗೂ ಒಗ್ಗಬೇಕೆಂದು, ಮೌಸನ್ನು ಡ್ರಾಯರಿಗೆ ತಳ್ಳಿ, ಪುಟ ಓದಿ ಹೇಳುವ ಯಂತ್ರಕ್ಕೆ ಹೊಸ ಅಳಿಯನಂತೆ ತಲೆಯಾಡಿಸುತ್ತ ಕೂರುತ್ತಾರೆ. ಯಂತ್ರ ಯಾವುದರ ಬಟನ್ ಎಂದು ಹೇಳದೆ ಬರೀ ‘ಬಟನ್’ ಎಂದು ಸುಮ್ಮನಾದರೆ ಮುಖ ಗಂಟಿಕ್ಕುತ್ತಾರೆ: “ಹೆತ್ತರೆ ಸಾಕಾ, ಹೆಸರಿಡೋದು ಬೇಡ್ವಾ?” ಮನೆಯಲ್ಲಿ ಅಕ್ಕ ಕಿಟಕಿಯ ಹೊಸ ಪರದೆ ತೋರಿಸಿದರೂ ಕಣ್ಣು ಮುಚ್ಚಿ ಸವರಿಯೇ ಮೆಚ್ಚುತ್ತಾರೆ. ಮೊದಲೆಲ್ಲ ಕಣ್ಣು ಕಾಣದವರು ಅಭಿಪ್ರಾಯವನ್ನು ಬೇರೆಯವರ ಕೈಲಿ ಬರೆಸಬೇಕಿತ್ತು. ಆ ಸಂಕೋಚಕ್ಕೆ ಬರೆಸಿದ್ದರಲ್ಲಿ ಎಲ್ಲ ಅಧ್ಯಾಪಕರ ಪಾಠವೂ ಚೆನ್ನಾಗಿರುತ್ತಿತ್ತು. ಈ ಸಲ ತಾವೇ ಬರೆದರು. ಅಲ್ಲೇ ಪಾಠ ಹೇಳುವ ಅಕ್ಕನಿಗೆ ಅವಳ ತರಗತಿಯ ಕಣ್ಣು ಕಾಣದ ಹುಡುಗಿಯಿಂದ ಒಂದು ಸಾಲು ಬಂತು: “ಬೋರ್ಡ್ ಮೇಲೆ ಬರೆಯೋದನ್ನ ಬಾಯಲ್ಲೂ ಹೇಳಿ ಮೇಡಂ.” “ಬೇಜಾರಾಯ್ತಾ?” ಎಂದರು ಭಾವ. “ಇಷ್ಟು ದಿನ ಕೇಳೋಕೂ ಆಗಿರ್ಲಿಲ್ವಲ್ಲ ಆ ಹುಡುಗಿಗೆ,” ಎಂದಳು ಅಕ್ಕ. ಮರುದಿನದಿಂದ ಅವಳು ಬರೆಯುವ ಪ್ರತಿ ಪದವೂ ಕಾರಿಡಾರಿನ ತುದಿಯವರೆಗೆ ಕೇಳಿಸುತ್ತಿದೆ.