ಸೀರೆ ಮೇಲಿನ ಶರ್ಟು

ಜಂಗಮಕೋಟೆ ಕಡೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗುವ ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ಶರ್ಟೊಂದನ್ನು ಏರಿಸಿಕೊಳ್ಳುತ್ತಾರೆ. ಕೈ ಗೀರುವುದಿಲ್ಲ, ಸೀರೆ ಕೊಳೆಯಾಗುವುದಿಲ್ಲ. ಆದರೆ ಹೆಗಲು ಜಾರುತ್ತದೆ, ಬಗ್ಗಿದರೆ ನೆರಿಗೆಯ ಹತ್ತಿರ ಗುಂಡಿ ಕಿತ್ತುಬರುತ್ತದೆ. ಇದು ಯಾರಿಗೂ ದೊಡ್ಡ ವಿಷಯ ಅನ್ನಿಸಿರಲಿಲ್ಲ, ನಮ್ಮಕ್ಕನಿಗೆ ಅನ್ನಿಸಿತು. ಚಿಕ್ಕಬಳ್ಳಾಪುರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವ ಅವಳು, ಸೀರೆ ಮೇಲೆ ಹಾಕಿಕೊಳ್ಳಲೆಂದೇ ಹೊಲಿದ ಶರ್ಟಿನ ಬ್ರ್ಯಾಂಡ್ ಶುರುಮಾಡುತ್ತೇನೆ ಎಂದಳು.

ಬ್ರ್ಯಾಂಡಿಗೆ ಇದ್ದ ಒಬ್ಬನೇ ನೌಕರ ನಾನು. ಹುದ್ದೆ, ಬಟ್ಟೆ ಅಂಗಡಿಯ ಗೊಂಬೆಯದು. ಅಕ್ಕ ನನಗೆ ಸೀರೆ ಉಡಿಸಿ, ಸ್ಯಾಂಪಲ್ ಶರ್ಟು ತೊಡಿಸಿ, ನಡಿ, ಬಗ್ಗು ಎನ್ನುತ್ತಿದ್ದಳು. ನಾನು ಒಮ್ಮೆ ದೊಡ್ಡಮ್ಮನ ಹಾಗೆ ಸೊಂಟ ಹಿಡಿದು, ಒಮ್ಮೆ ಡೈರಿಗೆ ಹಾಲು ಒಯ್ಯುವ ಪಕ್ಕದ ಮನೆಯತ್ತೆಯ ಹಾಗೆ ಊರನ್ನೆಲ್ಲ ಬೈಯುತ್ತ ನಡೆಯುತ್ತಿದ್ದೆ.

“ನಿಂಗೆ ಸೀರೆ ನನಗಿಂತ ಚೆನ್ನಾಗಿ ಒಪ್ಪುತ್ತೆ ಕಣೋ. ಮೀಸೆ ಬರದೇ ಇದ್ದದ್ದೂ ಒಳ್ಳೇದೇ ಆಯ್ತು,” ಎಂದು ಅಮ್ಮ ಅಂದ ಮೇಲೆ ಎರಡು ದಿನ ನನ್ನ ಮಿಮಿಕ್ರಿ ಬಂದ್.

ಶರ್ಟಿನ ಸೊಂಟಕ್ಕೆ ಅಕ್ಕ ಎರಡೂ ಪಕ್ಕ ಒಂದೊಂದು ಮಡಿಕೆಯ ಪಟ್ಟಿ ಸೇರಿಸಿದ್ದಳು. ಬಗ್ಗಿದಾಗ ಅದು ಬಿಚ್ಚಿಕೊಂಡು ನೆರಿಗೆಗೆ ಜಾಗ ಬಿಡುತ್ತಿತ್ತು. ಅವಳ ಶರ್ಟೆಂದರೆ ಆ ಪಟ್ಟಿಯೇ. ಇನ್ನು ಉಳಿದದ್ದು, ಇದನ್ನು ಯಾರ ಕೈಲಿ ಹೊಲಿಸುವುದು ಎಂಬ ಪ್ರಶ್ನೆ.

ಚಿಂತಾಮಣಿಯ ಹೋಲ್‌ಸೇಲ್ ಅಂಗಡಿಯವರು, ರೆಡಿಮೇಡ್ ಶರ್ಟು ತಗೊಂಡು ನಿಮ್ಮ ಲೇಬಲ್ ಹಚ್ಚಿಕೊಳ್ಳಿ, ಎಲ್ಲರೂ ಮಾಡೋದು ಅದನ್ನೇ ಎಂದರು. ಬೇರೆಯವರ ಮಗುವಿಗೆ ನಾಮಕರಣ ಮಾಡಲಾರೆ ಎಂದು ಅಕ್ಕ ಎದ್ದು ಬಂದಳು. ಅಲ್ಲಿಂದ ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಗಾರ್ಮೆಂಟ್ಸ್ ಕಾರ್ಖಾನೆ. ಬಟ್ಟೆ ತರಿಸುವುದರಿಂದ ಹಿಡಿದು ಪ್ಯಾಕಿಂಗ್‌ವರೆಗೆ ಎಲ್ಲವೂ ಅವರದೇ. ಅಲ್ಲಿನ ಸೂಪರ್‌ವೈಸರ್ ಸ್ಯಾಂಪಲನ್ನು ಒಳಹೊರಗು ಮಾಡಿ ನೋಡಿದರು.

“ಮೇಡಂ, ಇದು ಜೆಂಟ್ಸಾ, ಲೇಡೀಸಾ? ನಮ್ ಹತ್ರ ಎರಡೇ ಇರೋದು.”

ಲೇಡೀಸ್ ಶರ್ಟನ್ನೇ ಉದ್ದ ಮಾಡಿಕೊಡಬಹುದು, ಪಕ್ಕದ ಪಟ್ಟಿ ಮಾತ್ರ ಆಗುವುದಿಲ್ಲ ಎಂದರು. ಗೌರಿಬಿದನೂರಿನಿಂದ ಬರುವಾಗ ಬಸ್ಸಿನಲ್ಲಿ ಅವರ ದನಿಯಲ್ಲಿ ಕಂಡಕ್ಟರನ್ನು, ನೀವು ಜೆಂಟ್ಸಾ ಲೇಡೀಸಾ ಎಂದು ಕೇಳಿದೆ. ಬಸ್ಸೆಲ್ಲ ನಕ್ಕಿತು. ಅಕ್ಕ ಕಿಟಕಿಯ ಕಡೆ ತಿರುಗಿಕೊಂಡಳು. ಮನೆ ತಲುಪುವ ಹೊತ್ತಿಗೆ, ಶಾಲೆಯ ಕೆಲಸದ ಜೊತೆ ಇದನ್ನೆಲ್ಲ ಓಡಾಡಿ ಮಾಡಿಸಲು ತನ್ನಿಂದಾಗದು, ಪಟ್ಟಿ ಹೋದರೆ ಹೋಗಲಿ, ಕಾರ್ಖಾನೆಗೇ ಕೊಡುತ್ತೇನೆ ಎಂದಳು.

ಸ್ಯಾಂಪಲ್ ಹೊಲಿದುಕೊಟ್ಟಿದ್ದವರು ಶಿಡ್ಲಘಟ್ಟದ ಟೈಲರ್ ಆಂಟಿ. ಶರ್ಟುಗಳಿಗೆಂದು ಅಕ್ಕ ಮೊದಲೇ ತಂದಿದ್ದ ಬಟ್ಟೆಯೆಲ್ಲ ಅವರ ಮನೆಯಲ್ಲೇ ಇತ್ತು. ಅಕ್ಕ ಫೋನ್ ಮಾಡಿದಳು. ಹೊಲಿಗೆ ಏನು ಮಾಡಲಿ ಎಂದು ಆಂಟಿ ಕೇಳಿದ್ದಕ್ಕೆ, “ಚಾಲು ಆಂಟಿ,” ಎಂದು ಇಟ್ಟಳು. ಅಮ್ಮ ಹಿಂದೂಪುರದ ಕಡೆಯವಳು. ಬೇಜಾರಾದಾಗ ನಮ್ಮ ಬಾಯಿಗೆ ಬರುವುದು ತೆಲುಗೇ. ತೆಲುಗಿನ ಚಾಲು ಎಂದರೆ ಸಾಕು. ಆಂಟಿಯ ಮನೆಮಾತು ಉರ್ದು. ಅಲ್ಲಿ ಚಾಲು ಎಂದರೆ ಶುರು.

ಭಾನುವಾರ ಬಟ್ಟೆ ವಾಪಸು ತರಲು ಹೋದರೆ ವಾಪಸು ತರಲು ಬಟ್ಟೆಯೇ ಇರಲಿಲ್ಲ. ಎಲ್ಲವೂ ಶರ್ಟಿನ ತುಂಡುಗಳಾಗಿದ್ದವು. ಆಂಟಿ, ಅವರ ಸೊಸೆ, ಪಕ್ಕದ ಮನೆಯ ಹೆಂಗಸು, ಮೂವರೂ ಮಷೀನು ತುಳಿಯುತ್ತಿದ್ದರು. ಅಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟಳು.

“ನೀವೇ ಚಾಲು ಅಂದ್ರಲ್ಲಮ್ಮ,” ಎಂದರು ಆಂಟಿ.

“ನಮ್ಮನೇಲಿ ಚಾಲು ಅಂದ್ರೆ ಸಾಕು ಆಂಟಿ.”

ಆಂಟಿಯ ಕೈ ಚಕ್ರದ ಮೇಲೇ ನಿಂತಿತು. ಮೊದಲು ನಕ್ಕಿದ್ದು ಸೊಸೆ. ಆಮೇಲೆ ಎಲ್ಲರಿಗೂ ಅಂಟಿತು, ಅಕ್ಕನೊಬ್ಬಳನ್ನು ಬಿಟ್ಟು. ಪಕ್ಕದ ಮನೆಯ ಹೆಂಗಸು ಸೊಪ್ಪು ಕೊಯ್ಯಲು ಹೋಗುವವರು. ಅಕ್ಕನನ್ನು ಸಮಾಧಾನ ಮಾಡಲೋ ಏನೋ, ಹೊಲಿದಿಟ್ಟಿದ್ದ ಶರ್ಟೊಂದನ್ನು ಸೀರೆಯ ಮೇಲೆ ಹಾಕಿಕೊಂಡು ಗಿಡದ ಬುಡಕ್ಕೆ ಬಗ್ಗುವಂತೆ ಬಗ್ಗಿದರು. ಪಟ್ಟಿ ಬಿಚ್ಚಿಕೊಂಡಿತು. ಅಕ್ಕ ಇನ್ನೊಮ್ಮೆ ಬಗ್ಗಿಸಿದಳು. ಮತ್ತೂ ಒಮ್ಮೆ.

“ಸೊಂಟ ಹಿಡಿಯುತ್ತಾ?”

“ಇಲ್ಲ ಕಣಮ್ಮ. ಬಿಚ್ಚಿ ಕೊಡೋಕೆ ಮನಸ್ಸಿಲ್ಲ.”

ಇಷ್ಟನ್ನು ಮಾರಿ ಮುಂದಿನದ್ದು ಕಾರ್ಖಾನೆಗೆ ಕೊಡೋಣ ಎಂದು ನಾನು ಸೂಪರ್‌ವೈಸರ್ ದನಿಯಲ್ಲೇ ಸಲಹೆ ಕೊಟ್ಟೆ. ಅಕ್ಕ ಫೋನ್ ತೆಗೆದು ನಿಜವಾದ ಸೂಪರ್‌ವೈಸರಿಗೇ ಮಾಡಿ, ಇಲ್ಲ ಸರ್, ಬೇಡ ಎಂದಳು. ಆಮೇಲೆ ಆಂಟಿಯ ಕಡೆ ತಿರುಗಿದಳು.

“ಬಟ್ಟೆ ನಾವು ತಂದ್ಕೊಡ್ತೀವಿ, ಹೊಲಿಗೆ ಇಲ್ಲೇ ಆಗ್ಲಿ. ನಿಧಾನ ಆದ್ರೂ ಪರ್ವಾಗಿಲ್ಲ. ಪಟ್ಟಿ ಬಿಡೋ ಹಂಗಿಲ್ಲ.”

ಆಂಟಿ ಎರಡು ಷರತ್ತು ಹಾಕಿದರು. ರಂಜಾನಿನ ಕೊನೇ ವಾರ ಮಷೀನು ಮುಟ್ಟುವುದಿಲ್ಲ. ಎರಡನೆಯದು, ಹೊಲಿಯುವಾಗ ಈ ಹುಡುಗ ಒಳಗೆ ಬರಕೂಡದು, ನಕ್ಕರೆ ಹೊಲಿಗೆ ಸೊಟ್ಟ ಹೋಗುತ್ತದೆ. ಅಕ್ಕ ಎರಡಕ್ಕೂ ಅಲ್ಲೇ ಒಪ್ಪಿದಳು. ಎರಡನೆಯದಕ್ಕೆ ಸ್ವಲ್ಪ ಬೇಗನೇ ಒಪ್ಪಿದಳು.